ನಕ್ಷೆ, ಮೊಬೈಲ್, ರೊಟ್ಟಿ: ಇವು ಮೂರೂ ಒಂದೇ ವೃತ್ತಿಯಾಗಬಲ್ಲವೆ?

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನವಳು. ಭೂಗೋಳಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ ಮೇಲೆ, ತುಂಗಭದ್ರಾ ಎಡದಂಡೆ ಅಚ್ಚುಕಟ್ಟಿನ ಬೆಳೆ ನಕ್ಷೆಗಳನ್ನು ಉಪಗ್ರಹ ಚಿತ್ರಗಳಿಂದ ತಯಾರಿಸುತ್ತಿದ್ದ ಖಾಸಗಿ ಕಂಪನಿಯೊಂದರಲ್ಲಿ ಕೆಲಸ ಮಾಡಿದೆ. ಅನಂತರ ಇದೇ ಭಾಗದ ರೈತರಿಗೆ ಮೊಬೈಲ್ ಮೂಲಕ ಮಳೆ ಮತ್ತು ಬೆಳೆಯ ಸಲಹೆ ಕಳುಹಿಸುವ ಸ್ವಯಂಸೇವಾ ಸಂಸ್ಥೆಗೆ ಸೇರಿದೆ. ಈಗ ಅಮ್ಮನ ಸ್ವಸಹಾಯ ಸಂಘದೊಂದಿಗೆ ಜೋಳದ ಖಡಕ್ ರೊಟ್ಟಿ ಮತ್ತು ಸಜ್ಜೆ ಹಿಟ್ಟಿನ ಘಟಕ ಆರಂಭಿಸಬೇಕೆಂದಿದ್ದೇನೆ. ಒಂದು ಕಡೆ ನಿಲ್ಲುವ ಹುಡುಗಿಯಲ್ಲ ಎಂದು ಮನೆಯವರು ಬೇಸರಪಡುತ್ತಾರೆ. ಸಂದರ್ಶನಗಳಲ್ಲೂ ಇದನ್ನೇ ಕೇಳುತ್ತಾರೆ. ಈ ಮೂರನ್ನೂ ಒಂದೇ ವೃತ್ತಿ ಎಂದು ಹೇಳಿಕೊಳ್ಳಬಹುದೆ? ಮುಂದೆ ಏನು ಕಲಿಯಬೇಕು? ಘಟಕಕ್ಕೆ ಈಗಲೇ ಸಾಲ ತೆಗೆಯಬಹುದೆ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ಹೌದು, ಇವು ಒಂದೇ ವೃತ್ತಿಯ ಭಾಗಗಳು. ಹೀಗೆಂದು ಎಲ್ಲರ ವಿಷಯದಲ್ಲೂ ನಾನು ಹೇಳಲಾರೆ. ಒಂದು ರಾಜ್ಯದಲ್ಲಿ ನಕ್ಷೆ ಮಾಡಿ, ಇನ್ನೊಂದರಲ್ಲಿ ಆ್ಯಪ್ ರೂಪಿಸಿ, ಮತ್ತೆಲ್ಲೋ ಆಹಾರ ಘಟಕ ನಡೆಸುವವರ ಅನುಭವ ಒಂದಕ್ಕೊಂದು ಕೂಡಿಕೊಳ್ಳುವುದು ಕಷ್ಟ. ಪ್ರತಿ ಸಲವೂ ಅವರು ಮಣ್ಣು, ಮಳೆ, ಮಾರುಕಟ್ಟೆ, ಜನರ ಮಾತು ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಗುತ್ತದೆ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯವೆನಿಸಿದ್ದು, ಹುದ್ದೆ ಬದಲಾದರೂ ನೀವು ಎಡದಂಡೆಯ ಅಚ್ಚುಕಟ್ಟನ್ನು ಬಿಟ್ಟು ಹೋಗಲಿಲ್ಲ ಎಂಬ ಸಂಗತಿ. ನೀರು ಎಲ್ಲಿಗೆ ತಲುಪುತ್ತದೆ, ಆ ಸುದ್ದಿ ಯಾರಿಗೆ ತಲುಪುತ್ತದೆ, ಕೊನೆಗೆ ತಟ್ಟೆಗೆ ಏನು ಬರುತ್ತದೆ ಎಂಬ ಪ್ರಶ್ನೆಗಳು ನಮ್ಮ ಭಾಗದಲ್ಲಿ ಒಂದರಿಂದ ಒಂದನ್ನು ಬಿಡಿಸಿ ನೋಡಲಾಗದಷ್ಟು ಹೆಣೆದುಕೊಂಡಿವೆ. ಹುದ್ದೆಗಳನ್ನು ಬದಲಾಯಿಸಿ, ನೆಲವನ್ನು ಬದಲಾಯಿಸಬೇಡಿ ಎಂಬುದೇ ನಾನು ನಿಮಗೆ ಕೊಡುವ ಸಲಹೆ. ಮುಂದಿನ ಮಾತುಗಳೆಲ್ಲ ಅದರ ವಿವರಣೆ.

ಮೊದಲು ನಾಲೆಯನ್ನೇ ತೆಗೆದುಕೊಳ್ಳೋಣ. ತುಂಗಭದ್ರಾ ಜಲಾಶಯ 1953ರಲ್ಲಿ ಬಳಕೆಗೆ ಬಂದಾಗ ಅದರ ಸಂಗ್ರಹ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ ಇತ್ತು (ಒಂದು ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ). ಹೂಳು ತುಂಬಿ ಈಗ ಅದು ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. ಎಡದಂಡೆ ನಾಲೆಯನ್ನು ಯೋಜಿಸಿದವರು ಅಚ್ಚುಕಟ್ಟಿನ ಬಹುಭಾಗಕ್ಕೆ ಜೋಳ, ಹತ್ತಿ, ಶೇಂಗಾದಂತಹ ಕಡಿಮೆ ನೀರಿನ ಬೆಳೆಗಳನ್ನೇ ನಿಗದಿಪಡಿಸಿದ್ದರು. ಬರಕ್ಕೆ ಪದೇ ಪದೇ ತುತ್ತಾಗುವ ಸೀಮೆಯಲ್ಲಿ ಆದಷ್ಟು ಹೆಚ್ಚು ಊರುಗಳಿಗೆ ಸ್ವಲ್ಪವಾದರೂ ನೀರು ಸಿಗಲಿ ಎಂಬುದು ಅವರ ಲೆಕ್ಕಾಚಾರವಾಗಿತ್ತು. ನೀರು ಹರಿದ ಮೇಲೆ ಆದದ್ದು ಬೇರೆ. ಮೇಲ್ಭಾಗದ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತ ಹಬ್ಬಿತು. ಅದರ ಹಿಂದೆಯೇ ಅಕ್ಕಿ ಗಿರಣಿಗಳು, ಕಮಿಷನ್ ಅಂಗಡಿಗಳು, ಗೊಬ್ಬರದ ಉದ್ರಿ ವ್ಯವಹಾರ ಎಲ್ಲವೂ ಬಂದವು. ಕೊನೆ ಭಾಗದ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ರೈತರು ತಮ್ಮ ಪಾಲಿನ ನೀರಿಗಾಗಿ ವರ್ಷವರ್ಷವೂ ಹೋರಾಡಬೇಕಾಯಿತು. ಎರೆ ಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ನೀರು ಸತತವಾಗಿ ನಿಂತ ಕಡೆಗಳಲ್ಲಿ ಸವುಳು ಉಪ್ಪು ಮೇಲೆದ್ದು ಹೊಲ ಬಿಳಿಚಿಕೊಂಡಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ನೆಲದಡಿಯ ಬಸಿಗಾಲುವೆಗಳ ಬಗ್ಗೆ ದೀರ್ಘಕಾಲದಿಂದ ಅಧ್ಯಯನ ನಡೆಸುತ್ತಿರುವುದು ಈ ಕಾರಣಕ್ಕೇ.

ನಾನು ಇದನ್ನೆಲ್ಲ ಏಕೆ ವಿವರಿಸುತ್ತಿದ್ದೇನೆಂದರೆ, ನೀವು ಬೆಳೆ ನಕ್ಷೆ ಮಾಡುತ್ತಿದ್ದಾಗ ಆಹಾರದ ಕೆಲಸವನ್ನೇ ಮಾಡುತ್ತಿದ್ದಿರಿ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚೌಕ ಎಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಎಕರೆಯಲ್ಲಿ ಅಂತಹ ಸುಮಾರು 40 ಚೌಕಗಳು ಬರುತ್ತವೆ. ಹತ್ತು ಗುಂಟೆಯ ತುಂಡಿಗೆ ಸಿಗುವುದು ಹತ್ತೇ ಚೌಕ, ಅವುಗಳಲ್ಲೂ ಅಂಚಿನವು ಪಕ್ಕದ ಹೊಲದೊಂದಿಗೆ ಬೆರೆತುಹೋಗಿರುತ್ತವೆ. ನಾಟಿಯ ಹೊತ್ತಿಗೆ ಮೋಡ ಮುಸುಕಿದ್ದರೆ ಈ ಚಿತ್ರ ಪ್ರಯೋಜನಕ್ಕೆ ಬಾರದು. ಆಗ ಸೆಂಟಿನೆಲ್-1ರ ರಾಡಾರ್ ಚಿತ್ರ ಬೇಕು, ಅದರಲ್ಲಿ ನೀರು ನಿಲ್ಲಿಸಿದ ಗದ್ದೆ ಕಪ್ಪಾಗಿ ಕಾಣುತ್ತದೆ. ಇಷ್ಟನ್ನು ಕಚೇರಿಯಲ್ಲಿ ಕುಳಿತು ಕಲಿಯಬಹುದು. ಆದರೆ ಕಪ್ಪಾಗಿ ಕಂಡದ್ದು ನಾಟಿಗೆ ಸಿದ್ಧಪಡಿಸಿದ ಗದ್ದೆಯೋ, ಬಸಿ ನೀರು ನಿಂತು ಪಾಳು ಬಿದ್ದ ಸವುಳು ನೆಲವೋ, ಮೀನಿನ ಹೊಂಡವೋ ಎಂದು ಹೇಳಬಲ್ಲವರು ಉಪಕಾಲುವೆಯ ದಂಡೆಯ ಮೇಲೆ ನಡೆದವರು, ತೂಬಿನ ಬಳಿ ನಾಲೆ ನೋಡಿಕೊಳ್ಳುವ ಗ್ಯಾಂಗ್‌ಮನ್ ಜೊತೆ ನಿಂತು ನೀರಿನ ಮಟ್ಟ ತೋರಿಸುವ ಗೇಜ್ ಓದಿದವರು. ಮೇಲಿನ ತೂಬುಗಳಲ್ಲಿ ಒಂದೆರಡು ರಾತ್ರಿ ತೆರೆದುಕೊಂಡರೆ ಬೆಳಗಾಗುವುದರೊಳಗೆ ಕೆಳಗಿನ ಗೇಜ್ ಇಳಿದಿರುತ್ತದೆ. ಅದು ಯಾವ ಚಿತ್ರದಲ್ಲೂ ಕಾಣುವುದಿಲ್ಲ, ಅದರ ಪರಿಣಾಮ ಮಾತ್ರ ಕೆಲವು ವಾರಗಳ ನಂತರ ಕೊನೆ ಭಾಗದ ಹೊಲಗಳ ಬಣ್ಣದಲ್ಲಿ ಕಾಣುತ್ತದೆ. ಆ ಬಣ್ಣದ ಹಿಂದಿನ ಕಾರಣವನ್ನು ಓದಬಲ್ಲ ಶಕ್ತಿ ನಿಮ್ಮ ಮೊದಲ ಸಂಪಾದನೆ. ಅದನ್ನು ಕಡೆಗಣಿಸಬೇಡಿ.

2024ರ ಆಗಸ್ಟ್ 10ರ ರಾತ್ರಿ ಜಲಾಶಯದ ಹೆಚ್ಚುವರಿ ನೀರನ್ನು ಹೊರಬಿಡುವ 33 ಕ್ರಸ್ಟ್‌ಗೇಟ್‌ಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ತುಂಬಿದ ಜಲಾಶಯದ ನೀರನ್ನು ನದಿಗೆ ಬಿಡದೆ ಬೇರೆ ದಾರಿ ಇರಲಿಲ್ಲ. ಸುಮಾರು ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ನೀರು ತಡೆಯುವ ತಾತ್ಕಾಲಿಕ ಉಕ್ಕಿನ ಹಲಗೆಗಳನ್ನು (ಸ್ಟಾಪ್‌ಲಾಗ್) ಅಳವಡಿಸಿದ್ದು ಎಂಜಿನಿಯರುಗಳ ಮತ್ತು ಕಾರ್ಮಿಕರ ದೊಡ್ಡ ಸಾಧನೆ. ಆ ದಿನಗಳಲ್ಲಿ ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಮನೆಮನೆಯಲ್ಲಿ ಕೇಳಿಬಂದ ಪ್ರಶ್ನೆ, ಎರಡನೇ ಬೆಳೆಗೆ ನೀರು ಉಳಿಯುತ್ತದೆಯೆ ಎಂಬುದು. ಅಣೆಕಟ್ಟಿನ ಯಂತ್ರ, ಟಿಎಂಸಿ ಲೆಕ್ಕ, ನೀರಾವರಿ ಸಲಹಾ ಸಮಿತಿಯ ತೀರ್ಮಾನ, ಅಕ್ಕಿಯ ದರ ಇವೆಲ್ಲವನ್ನೂ ಒಂದೇ ಉಸಿರಿನಲ್ಲಿ ಮಾತಾಡುವ ಜನ ನಾವು. ಇಂತಹ ಸೀಮೆಯಲ್ಲಿ ಈ ವಿಷಯಗಳನ್ನು ಬಲ್ಲ ಒಬ್ಬರನ್ನು ದಾರಿ ತಪ್ಪಿದವರೆಂದು ಕರೆಯುವುದು ನನಗೆ ಸರಿ ಕಾಣುವುದಿಲ್ಲ.

ಇದು ಇಂದಿನ ಮಾತಷ್ಟೇ ಅಲ್ಲ. ಬಳ್ಳಾರಿಯ ಪಕ್ಕದ ಸಂಗನಕಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಬದುಕಿದ್ದ ನೆಲೆಯನ್ನು ಅಗೆದು, ಅಲ್ಲಿಯ ಸುಟ್ಟ ಕಾಳುಗಳನ್ನು ಪರೀಕ್ಷಿಸಿದ ಪುರಾತತ್ವ ಸಸ್ಯಶಾಸ್ತ್ರಜ್ಞರಿಗೆ ಸಿಕ್ಕಿದ್ದು ಹುರುಳಿ, ಹೆಸರು, ಕೊರಲೆ ಮುಂತಾದ ಮಳೆಯಾಶ್ರಿತ ಧಾನ್ಯಗಳು. ಭತ್ತವಾಗಲಿ ಗೋಧಿಯಾಗಲಿ ಅಲ್ಲಿಯವರ ದಿನನಿತ್ಯದ ಆಹಾರವಾಗಿರಲಿಲ್ಲ. ನಾಲ್ಕು ಸಾವಿರ ವರ್ಷಗಳ ಹಿಂದೆ ಈ ಕಡಿಮೆ ಮಳೆಯ ನೆಲ ಏನನ್ನು ಬೆಳೆಯಬಲ್ಲದೆಂದು ಕಂಡುಕೊಂಡವರ ತಿಳಿವಳಿಕೆಗೂ, ಕೂಡ್ಲಿಗಿ ಮತ್ತು ಕುಷ್ಟಗಿಯ ಮಸಾರಿ (ಕೆಂಪು ಮಣ್ಣಿನ) ಹೊಲಗಳಲ್ಲಿ ಇಂದಿಗೂ ಹುರುಳಿ, ಸಜ್ಜೆ, ನವಣೆ ಬಿತ್ತುವವರ ತಿಳಿವಳಿಕೆಗೂ ಸಂಬಂಧವಿದೆ. ಬಳ್ಳಾರಿಗೆ ಹೋದಾಗ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯವನ್ನು ನೋಡಿ ಬನ್ನಿ. ಅವರು ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ನೌಕರರು. ಬಂಡೆಗಳನ್ನು ಗುರುತಿಸಲು ಈ ಜಿಲ್ಲೆಯನ್ನು ಸುತ್ತುತ್ತಲೇ ಆ ಕಾಲದವರು ಸಗಣಿ ಸುಟ್ಟು ಉಳಿದ ಇಲ್ಲಿಯ ಬೂದಿದಿಬ್ಬಗಳನ್ನೂ ಕಲ್ಲಿನ ಆಯುಧಗಳನ್ನೂ ದಾಖಲಿಸಿದವರು.

ಇನ್ನು ನಿಮ್ಮ ಎರಡನೇ ಕೆಲಸ, ಅಂದರೆ ಅಭಿವೃದ್ಧಿಗಾಗಿ ತಂತ್ರಜ್ಞಾನ. ಈ ಕ್ಷೇತ್ರದಲ್ಲಿ ಹಣ, ಉತ್ಸಾಹ ಎರಡೂ ಇವೆ. ಎಷ್ಟೋ ಯೋಜನೆಗಳು ಪ್ರಾಯೋಗಿಕ ಹಂತದಲ್ಲೇ ಮುಗಿದುಹೋಗುತ್ತವೆ. ಮಹಾರಾಷ್ಟ್ರದ ವಾರಣಾ ಕಣಿವೆಯಲ್ಲಿ 1990ರ ದಶಕದ ಕೊನೆಗೆ ಸಕ್ಕರೆ ಸಹಕಾರಿ ಸಂಘದ ಹಳ್ಳಿಗಳಿಗೆ ಕಂಪ್ಯೂಟರ್ ಕಿಯಾಸ್ಕ್‌ಗಳನ್ನು ಕೊಟ್ಟರು. ಕೆಲವು ವರ್ಷಗಳ ನಂತರ ಬೆಂಗಳೂರಿನ ಸಂಶೋಧಕರು ಹೋಗಿ ನೋಡಿದಾಗ, ರೈತರು ಅವುಗಳನ್ನು ಬಳಸುತ್ತಿದ್ದುದು ಮುಖ್ಯವಾಗಿ ತಮ್ಮ ಕಬ್ಬಿನ ತೂಕ ಮತ್ತು ಹಣದ ಲೆಕ್ಕ ತಿಳಿಯಲು. ಅದನ್ನು ಸಾಧಾರಣ ಮೊಬೈಲ್‌ನ ಎಸ್ಸೆಮ್ಮೆಸ್ ಮೂಲಕ ಕಡಿಮೆ ಖರ್ಚಿನಲ್ಲಿ ಒದಗಿಸಬಹುದೆಂದು ಅವರು ಮಾಡಿ ತೋರಿಸಿದರು. ಇದರಿಂದ ನಾವು ತಿಳಿಯಬೇಕಾದದ್ದು ಸ್ಪಷ್ಟ. ಜನ ಈಗಾಗಲೇ ಯಾವ ಸುದ್ದಿಗಾಗಿ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದಾರೋ, ಯಾರಿಗೆ ಫೋನ್ ಮಾಡುತ್ತಿದ್ದಾರೋ ಅದನ್ನು ಮೊದಲು ಗುರುತಿಸಬೇಕು. ನಮ್ಮ ಕಡೆ ಕೊನೆ ಭಾಗದ ರೈತನಿಗೆ ಬೇಕಾದ ಸುದ್ದಿ, ತನ್ನ ಉಪಕಾಲುವೆಗೆ ನೀರು ಯಾವ ದಿನ ಬರುತ್ತದೆ ಎಂಬುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ, ಪಹಣಿಯನ್ನು 2000ದ ಹೊತ್ತಿಗೇ ಭೂಮಿ ಯೋಜನೆ ಗಣಕೀಕರಿಸಿತು, ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ತಿಳಿಯುತ್ತದೆ. ಇಷ್ಟೆಲ್ಲ ಇದ್ದೂ ತೂಬಿನ ಸುದ್ದಿಗೆ ಇಂದಿಗೂ ಗ್ಯಾಂಗ್‌ಮನ್‌ಗೇ ಕರೆ ಮಾಡಬೇಕಾಗಿದೆ. ನೀವು ಕಳುಹಿಸುತ್ತಿದ್ದ ಸಂದೇಶಗಳಲ್ಲಿ ಯಾವುದನ್ನು ಓದಿ ರೈತರು ನಿಜವಾಗಿ ತಮ್ಮ ಕೆಲಸ ಬದಲಾಯಿಸಿಕೊಂಡರು, ಯಾವುದನ್ನು ಓದದೆ ಅಳಿಸಿದರು ಎಂಬುದನ್ನು ನೀವು ಬಲ್ಲಿರಾದರೆ, ಅದನ್ನು ಎರಡು ಪುಟದಲ್ಲಿ ಬರೆದಿಡಿ. ಸಂದರ್ಶನಕ್ಕೆ ಹೋಗುವಾಗ ಪ್ರಮಾಣಪತ್ರಗಳಿಗಿಂತ ಆ ಎರಡು ಪುಟ ಹೆಚ್ಚು ಕೆಲಸ ಮಾಡುತ್ತದೆ.

ಮೂರನೆಯ ಕೆಲಸದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಭೂಗೋಳ ಓದಿದವರು ಆಹಾರ ಉದ್ದಿಮೆಯನ್ನು ಸಲೀಸು ಎಂದುಕೊಳ್ಳುವ ಅಪಾಯವಿದೆ. ಜೋಳದಲ್ಲಿ ಗೋಧಿಯಂತೆ ಹಿಟ್ಟನ್ನು ಹಿಡಿದಿಡುವ ಅಂಟು ಇಲ್ಲ. ಕುದಿಯುವ ಎಸರು ಹಾಕಿದಾಗ ಹಿಟ್ಟಿನ ಪಿಷ್ಟ ಬೆಂದು ಜಿಗುಟಾಗುತ್ತದೆ, ಆ ಜಿಗುಟಿನ ಬಲದ ಮೇಲೆಯೇ ರೊಟ್ಟಿ ಬಡಿಯಲು ಬರುತ್ತದೆ. ಹಿಟ್ಟು ಹಳೆಯದಾದಷ್ಟೂ ಅಂಚು ಸೀಳುತ್ತದೆ. ಅಮ್ಮನ ಸಂಘದ ಹೆಂಗಸರು ಹಿಟ್ಟನ್ನು ಬೆರಳಲ್ಲಿ ಉಜ್ಜಿಯೇ ಇದನ್ನು ಹೇಳುತ್ತಾರೆ, ಅವರ ಮಾತನ್ನು ಪ್ರಯೋಗಾಲಯದ ವರದಿಯಷ್ಟೇ ಗೌರವದಿಂದ ಬರೆದುಕೊಳ್ಳಿ. ಊಟಕ್ಕೆ ಹಿಂಗಾರಿ ಬಿಳಿಜೋಳವನ್ನೇ ಜನ ಬಯಸುವುದಕ್ಕೂ ಕಾರಣವಿದೆ. ಮುಂಗಾರಿ ಜೋಳ ಕಾಳುಗಟ್ಟುವಾಗ ಮಳೆ ಹಿಡಿದರೆ ಬೂಷ್ಟು ತಗುಲಿ ಕಾಳು ಕಪ್ಪಾಗುತ್ತದೆ. ಹಿಂಗಾರಿಯದು ಎರೆ ಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆದು ಒಣ ಹವೆಯಲ್ಲಿ ಮಾಗುತ್ತದೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಹೊಲದಲ್ಲಿ ನಿಂತಿರುವುದು ಈ ಜೋಳವೇ. ಎರೆಯ ಆಳ ಕಡಿಮೆಯಾದ ಕಡೆ ತೇವ ಬೇಗ ಮುಗಿದು ಕಾಳು ಜೊಳ್ಳಾಗುತ್ತದೆ. ಆದ್ದರಿಂದ ಯಾವ ಊರಿನ ಯಾವ ದಿಕ್ಕಿನ ಹೊಲಗಳಿಂದ ಜೋಳ ಕೊಳ್ಳಬೇಕು ಎಂಬುದು ಮಣ್ಣಿನ ನಕ್ಷೆಯ ಪ್ರಶ್ನೆ. ನಿಮ್ಮ ಊರಿನ ಸುತ್ತ ಭತ್ತವೇ ತುಂಬಿರುವುದರಿಂದ, ಘಟಕಕ್ಕೆ ಬೇಕಾದ ಜೋಳವನ್ನು ಬಹುಶಃ ನಾಲೆಯ ಹೊರಗಿನ ಹಳ್ಳಿಗಳಿಂದ ತರಬೇಕಾಗುತ್ತದೆ. ಬೇರೆ ಯಾವ ರೊಟ್ಟಿ ಘಟಕಕ್ಕೂ ಇಲ್ಲದ ಅನುಕೂಲ ನಿಮಗೆ ಇರುವುದು ಇಲ್ಲಿಯೇ: ಮಣ್ಣಿನ ಆಳ, ಆ ವರ್ಷದ ಹಿಂಗಾರಿ ಮಳೆ, ಉಪಗ್ರಹದಲ್ಲಿ ಕಾಣುವ ಬೆಳೆಯ ಸ್ಥಿತಿ ಮೂರನ್ನೂ ಒಟ್ಟಿಗೆ ಇಟ್ಟು, ಕೊಯ್ಲಿಗೆ ತಿಂಗಳು ಮೊದಲೇ ಖರೀದಿಯ ಊರುಗಳನ್ನು ನೀವು ಗುರುತಿಸಬಲ್ಲಿರಿ, ಆ ಊರಿನವರೊಂದಿಗೆ ದರ ಮಾತಾಡಿಕೊಳ್ಳಬಲ್ಲಿರಿ. ಹಾಗೆ ಮಾತಾಡುವಾಗ ಒಂದು ಸಂಗತಿ ನೆನಪಿರಲಿ. ರೈತನಿಗೆ ಕಾಳಿನಷ್ಟೇ ಕಣಿಕೆಯೂ (ಜೋಳದ ಒಣ ದಂಟು) ಮುಖ್ಯ. ದನಕರು ಇರುವ ಮನೆಯವರು ಮೇವು ಚೆನ್ನಾಗಿ ಬರುವ ತಳಿಯನ್ನು ಬಿಟ್ಟುಕೊಡುವುದಿಲ್ಲ.

ಸಜ್ಜೆ ಹಿಟ್ಟಿನ ವಿಷಯದಲ್ಲಿ ನಾನು ನಿಮ್ಮನ್ನು ಎಚ್ಚರಿಸಲೇಬೇಕು. ಸಜ್ಜೆಯಲ್ಲಿ ಜಿಡ್ಡಿನ ಅಂಶ ಜೋಳಕ್ಕಿಂತ ಹೆಚ್ಚು, ನೂರು ಗ್ರಾಂಗೆ ಸುಮಾರು ಐದು ಗ್ರಾಂ. ಬೀಸಿದ ಕೂಡಲೇ ಕಾಳಿನೊಳಗಿನ ಲೈಪೇಸ್ ಎಂಬ ಕಿಣ್ವ ಆ ಜಿಡ್ಡನ್ನು ಒಡೆಯಲು ತೊಡಗುತ್ತದೆ, ಕೆಲವೇ ದಿನಗಳಲ್ಲಿ ಹಿಟ್ಟು ಕಮಟಾಗಿ ಕಹಿ ಹತ್ತುತ್ತದೆ. ಮನೆಯಲ್ಲಿ ವಾರಕ್ಕೆ ಬೇಕಾದಷ್ಟೇ ಬೀಸಿಕೊಂಡು ಬರುವ ರೂಢಿ ಸುಮ್ಮನೆ ಬಂದದ್ದಲ್ಲ. ಕಾಳನ್ನು ಬೀಸುವ ಮೊದಲು ಕುದಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ಒಣಗಿಸಿದರೆ, ಅಥವಾ ಹದವಾಗಿ ಬಿಸಿ ಮಾಡಿದರೆ ಕಿಣ್ವದ ಚಟುವಟಿಕೆ ತಗ್ಗಿ ಹಿಟ್ಟು ಹೆಚ್ಚು ಕಾಲ ಬಾಳುತ್ತದೆ. ಆದರೆ ಎಷ್ಟು ಹೊತ್ತು, ಎಷ್ಟು ಶಾಖ, ಒಣಗಿದ ಮೇಲೆ ತೇವ ಎಷ್ಟು ಉಳಿದಿರಬೇಕು ಎಂಬುದನ್ನು ಅಳೆದೇ ತಿಳಿಯಬೇಕು, ಅಂದಾಜಿಗೆ ಬಿಡಬಾರದು. ಇದನ್ನು ಕಲಿಯುವುದಕ್ಕೆ ನೀವು ದೂರ ಹೋಗಬೇಕಿಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಂಸ್ಕರಣೆ ಮತ್ತು ಆಹಾರ ಎಂಜಿನಿಯರಿಂಗ್ ವಿಭಾಗವಿದೆ, ಗಂಗಾವತಿಯಲ್ಲೂ ಬಳ್ಳಾರಿಯ ಹಗರಿಯಲ್ಲೂ ಕೃಷಿ ವಿಜ್ಞಾನ ಕೇಂದ್ರಗಳಿವೆ. ಖಡಕ್ ರೊಟ್ಟಿಗೆ ಈ ತೊಂದರೆ ಅಷ್ಟಿಲ್ಲ. ಹಂಚಿನ ಮೇಲೆ ಬೇಯಿಸಿ, ಮಂದ ಉರಿಯ ಪಕ್ಕದಲ್ಲಿಟ್ಟು ಗರಿಗರಿಯಾಗುವವರೆಗೆ ಒಣಗಿಸಿದ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಅದರ ಶತ್ರುಗಳು ಮಳೆಗಾಲದ ತೇವದ ಗಾಳಿ ಮತ್ತು ಬಸ್ಸಿನ ಕುಲುಕಾಟ. ಎಂದರೆ ನಿಮ್ಮ ಖರ್ಚಿನ ದೊಡ್ಡ ಪಾಲು ಪ್ಯಾಕಿಂಗ್‌ಗೆ ಹೋಗುತ್ತದೆ. ಮೊದಲು ರೊಟ್ಟಿಯನ್ನು ಗಟ್ಟಿ ಮಾಡಿಕೊಳ್ಳಿ, ಸಜ್ಜೆ ಹಿಟ್ಟನ್ನು ಆಮೇಲೆ ನೋಡೋಣ ಎಂಬುದು ನನ್ನ ಅಭಿಪ್ರಾಯ.

ಸಂದರ್ಶನದ ಪ್ರಶ್ನೆಗೆ ಬರುತ್ತೇನೆ. ಮೂರು ಹುದ್ದೆಗಳನ್ನು ತಾರೀಖಿನ ಪ್ರಕಾರ ಸಾಲಾಗಿ ಬರೆದರೆ ಓದುವವರಿಗೆ ಚಂಚಲತೆಯೇ ಕಾಣುತ್ತದೆ. ಅರ್ಜಿಯ ಮೊದಲ ಸಾಲಿನಲ್ಲಿಯೇ, ತುಂಗಭದ್ರಾ ಎಡದಂಡೆ ಅಚ್ಚುಕಟ್ಟಿನಲ್ಲಿ ನೀರು, ಬೆಳೆ ಮತ್ತು ಆಹಾರದ ಸಂಬಂಧದ ಮೇಲೆ ಕೆಲಸ ಮಾಡಿದ್ದೇನೆ ಎಂದು ಬರೆಯಿರಿ. ಹುದ್ದೆಗಳು ಅದರ ಕೆಳಗೆ ಬರಲಿ. ಜೊತೆಗೆ ನೀವೇ ಮಾಡಿದ ಒಂದು ನಕ್ಷೆಯನ್ನು ಒಯ್ಯಿರಿ, ಅದರಲ್ಲಿ ಎಲ್ಲಿ ಉಪಗ್ರಹ ಚಿತ್ರ ತಪ್ಪು ಹೇಳಿತು, ಹೊಲಕ್ಕೆ ಹೋಗಿ ಹೇಗೆ ತಿದ್ದಿದಿರಿ ಎಂಬುದನ್ನು ತೋರಿಸಿ. ಆದರೆ ಕಂಪನಿಯ ದತ್ತಾಂಶವನ್ನು ಬಳಸಬೇಡಿ. ಸೆಂಟಿನೆಲ್ ಚಿತ್ರಗಳು ಉಚಿತ, ನಕ್ಷೆ ರಚಿಸುವ ಕ್ಯೂಜಿಐಎಸ್ ತಂತ್ರಾಂಶ ಉಚಿತ, ಇಸ್ರೋದ ಭುವನ್ ನಕ್ಷೆ ತಾಣವೂ ಇದೆ. ನಿಮ್ಮ ಊರಿನ ಒಂದು ಉಪಕಾಲುವೆಯನ್ನೇ ಆರಿಸಿಕೊಂಡು ಹೊಸದಾಗಿ ಮಾಡಿ. ಮನೆಯವರಿಗೆ ಬೇರೆ ಉತ್ತರ ಬೇಕಾಗುತ್ತದೆ. ಅವರ ಚಿಂತೆ ಹೆಚ್ಚಾಗಿ ತಿಂಗಳ ಸಂಬಳದ್ದು, ಅದು ನ್ಯಾಯವಾದ ಚಿಂತೆಯೇ. ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ನೇಮಕಾತಿಯಲ್ಲಿ ಮೀಸಲಾತಿ ಇದೆ, ಅರ್ಹತಾ ಪ್ರಮಾಣಪತ್ರವನ್ನು ಮಾಡಿಸಿಟ್ಟುಕೊಳ್ಳಿ. ಬೆಳೆ ವಿಮೆ, ಜಲಾನಯನ, ಜೀವನೋಪಾಯ ಯೋಜನೆಗಳಲ್ಲಿ ನಕ್ಷೆ ಬಲ್ಲವರಿಗೆ ಗುತ್ತಿಗೆ ಕೆಲಸಗಳೂ ಸಿಗುತ್ತವೆ. ಘಟಕ ಕಾಲೂರುವವರೆಗೆ ಅಂತಹ ಒಂದು ಕೆಲಸವನ್ನು ಕೈಯಲ್ಲಿಟ್ಟುಕೊಳ್ಳುವುದು ಜಾಣತನ.

ಏನು ಕಲಿಯಬೇಕೆಂದು ಕೇಳಿದ್ದೀರಿ. ಇನ್ನೊಂದು ಪದವಿ ಬೇಡ. ನಿಮಗೆ ಕೊರತೆಯಿರುವುದು ಎರಡು ಕಡೆ ಎಂದು ನನಗೆ ತೋರುತ್ತದೆ. ಮೊದಲನೆಯದು ಉತ್ಪಾದನಾ ವೆಚ್ಚದ ಲೆಕ್ಕ: ಒಂದು ಕ್ವಿಂಟಲ್ ಜೋಳದಿಂದ ಎಷ್ಟು ಹಿಟ್ಟು, ಎಷ್ಟು ರೊಟ್ಟಿ, ಎಷ್ಟು ಮುರುಕು, ಸೌದೆ ಅಥವಾ ಗ್ಯಾಸ್ ಎಷ್ಟು, ಒಬ್ಬರು ದಿನಕ್ಕೆ ಎಷ್ಟು ಬಡಿಯಬಲ್ಲರು. ಅಮ್ಮನ ಸಂಘದವರ ದುಡಿಮೆಗೆ ಕೂಲಿ ಹಿಡಿಯದೆ ಲಾಭ ತೋರಿಸುವ ಲೆಕ್ಕವನ್ನು ನಾನು ಎಷ್ಟೋ ಯೋಜನಾ ವರದಿಗಳಲ್ಲಿ ನೋಡಿದ್ದೇನೆ. ಅದು ಲೆಕ್ಕವೂ ಅಲ್ಲ, ನ್ಯಾಯವೂ ಅಲ್ಲ. ಎರಡನೆಯದು ಸಂಖ್ಯಾಶಾಸ್ತ್ರ. ಎಷ್ಟು ಹೊಲ ನೋಡಿದರೆ ನಕ್ಷೆಯನ್ನು ನಂಬಬಹುದು, ಎಷ್ಟು ಪೊಟ್ಟಣ ಪರೀಕ್ಷಿಸಿದರೆ ರೊಟ್ಟಿಯ ಬಾಳಿಕೆಯ ಬಗ್ಗೆ ಮಾತಾಡಬಹುದು ಎಂಬ ಎರಡೂ ಪ್ರಶ್ನೆಗಳಿಗೆ ಅಲ್ಲಿಯೇ ಉತ್ತರವಿದೆ.

ಸಾಲದ ಬಗ್ಗೆ ಕೊನೆಯದಾಗಿ. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಪಿಎಂಎಫ್‌ಎಂಇ ಯೋಜನೆಯಲ್ಲಿ, ಬ್ಯಾಂಕ್ ಸಾಲಕ್ಕೆ ಜೋಡಿಸಿ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಹಾಯಧನ ನಿಗದಿಯಾಗಿತ್ತು. ಕರ್ನಾಟಕ ಸರ್ಕಾರ ಅದಕ್ಕೆ ಶೇ 15ರಷ್ಟನ್ನು ಸೇರಿಸಿತು. ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40,000 ರೂಪಾಯಿವರೆಗೆ ಮೂಲ ಬಂಡವಾಳದ ಅವಕಾಶವೂ ಅದರಲ್ಲಿತ್ತು. ಈಗ ಅರ್ಜಿ ಸ್ವೀಕರಿಸುತ್ತಿದ್ದಾರೆಯೇ ಎಂದು ಜಿಲ್ಲಾ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ. ಸಹಾಯಧನ ಸಿಗುತ್ತದೆ ಎಂಬ ಕಾರಣಕ್ಕೆ ಬೇಕಾದದ್ದಕ್ಕಿಂತ ದೊಡ್ಡ ಯಂತ್ರ ತರಿಸಬೇಡಿ. ಅಕ್ಕಿ ಗಿರಣಿಗಳ ಸೀಮೆಯಲ್ಲಿ ಬೆಳೆದ ನಿಮಗೆ, ವರ್ಷದಲ್ಲಿ ಕೆಲವೇ ತಿಂಗಳು ಓಡುವ ಯಂತ್ರದ ಕಂತು ಹನ್ನೆರಡೂ ತಿಂಗಳು ಕಟ್ಟಬೇಕೆಂಬುದು ಗೊತ್ತಿರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿ, ಈಗಿರುವ ಒಲೆ ಮತ್ತು ಹಂಚುಗಳಲ್ಲೇ ಒಂದು ಪೂರ್ತಿ ಮಳೆಗಾಲ ರೊಟ್ಟಿ ಮಾರಿ ನೋಡಿ. ಆಷಾಢದ ತಂಪಿನಲ್ಲಿ ಎಷ್ಟು ಪೊಟ್ಟಣ ಮೆತ್ತಗಾಗಿ ಮರಳಿ ಬಂದವು, ರಾಯಚೂರಿನ ಅಂಗಡಿಗೆ ಹೋಗುವಷ್ಟರಲ್ಲಿ ಎಷ್ಟು ಮುರಿದವು ಎಂಬುದನ್ನು ವಾರವಾರ ಬರೆದಿಡಿ. ಆ ಪುಸ್ತಕವನ್ನು ಬ್ಯಾಂಕಿನವರ ಮುಂದಿಟ್ಟು ಸಾಲ ಕೇಳಿ. ಅದಕ್ಕೆ ಮೊದಲು ಬೇಡ.